ಬೆಂಕಿಪೊಟ್ಟಣದ ಹುಲಿ, ಪಟದ ಲಕ್ಷ್ಮಿ

ಬೆಂಗಳೂರಿನಲ್ಲಿ ಹೊಸದಾಗಿ ಶುರುವಾದ ಯಾವುದಾದರೂ ಕೆಫೆಗೆ ಹೋಗಿ ಗೋಡೆ ನೋಡಿ. ಹಳೇ ಬೆಂಕಿಪೊಟ್ಟಣದ ಹುಲಿಯೊಂದನ್ನು ಆಳೆತ್ತರಕ್ಕೆ ಹಿಗ್ಗಿಸಿ ಅಂಟಿಸಿರುತ್ತಾರೆ. ಪಕ್ಕದಲ್ಲಿ ರವಿವರ್ಮನ ಸರಸ್ವತಿ. ಬಟ್ಟೆ ಚೀಲ, ಫೋನಿನ ಕವರ್, ಕಡೆಗೆ ಮದುವೆ ಕರೆಯೋಲೆ ಮೇಲೂ ಇವೇ ಚಿತ್ರಗಳು. ಇದನ್ನೆಲ್ಲ ದುಡ್ಡು ಕೊಟ್ಟು ತಗೊಳ್ಳುವವರು ಯಾರು ಅಂದರೆ ನನ್ನ ವಯಸ್ಸಿನವರು ಕಡಿಮೆ, ಇಪ್ಪತ್ತು ಇಪ್ಪತ್ತೈದರ ಹುಡುಗ ಹುಡುಗಿಯರೇ ಜಾಸ್ತಿ. ಅವರ ಮನೆಯಲ್ಲಿ ಸೀಮೆಎಣ್ಣೆ ಸ್ಟವ್ ಇರಲಿಲ್ಲ, ಚಂದಾಮಾಮ ಬರುತ್ತಿರಲಿಲ್ಲ, ದೇವರ ಕೋಣೆಯಲ್ಲಿ ಇರುವುದು ಬಹುಶಃ ಒಂದು ಎಲ್‌ಇಡಿ ದೀಪದ ಗಣಪತಿ.

ಹಳೇ ಕಾಲದ ಮೋಹ ಅಂತ ಹೇಳಿ ಮುಗಿಸಿಬಿಡಬಹುದು. ನನಗೆ ಆ ಉತ್ತರ ಸಾಲುವುದಿಲ್ಲ. ಮೋಹ ಹುಟ್ಟಬೇಕಾದರೆ ಆ ಕಾಲ ಸ್ವಲ್ಪವಾದರೂ ಗೊತ್ತಿರಬೇಕು ಅಲ್ವಾ? ಗೊತ್ತೇ ಇಲ್ಲದವರನ್ನೂ ಈ ಚಿತ್ರಗಳು ಹಿಡಿದು ನಿಲ್ಲಿಸುತ್ತವೆ ಅಂದರೆ ಚಿತ್ರದೊಳಗೇ ಏನೋ ಇರಬೇಕು. ನಾನು ಇವತ್ತು ಈ ಸಭೆಯಲ್ಲಿ ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಇವು ಗೋಡೆಗೆ ಅಂದ ಬರಲಿ ಅಂತ ಮಾಡಿದ ಚಿತ್ರಗಳಲ್ಲ. ಒಂದೊಂದಕ್ಕೂ ಒಂದು ಕೆಲಸ ಇತ್ತು: ಅಕ್ಷರ ಬಾರದವರಿಗೆ ಸರಕಿನ ಗುರುತು ಹೇಳುವುದು, ದೇವರನ್ನು ಮನೆಗೆ ತರುವುದು, ಮಗುವನ್ನು ಕಥೆಯ ಮುಂದಿನ ಪುಟಕ್ಕೆ ಎಳೆಯುವುದು. ಆ ಕೆಲಸವನ್ನು ಕೆಲವೇ ಬಣ್ಣಗಳಲ್ಲಿ, ಅಂಗೈಯಗಲದ ಜಾಗದಲ್ಲಿ, ಬರೀ ಕೈಯಿಂದ ಮಾಡಬೇಕಿತ್ತು. ಆ ಇಕ್ಕಟ್ಟಿನಲ್ಲಿ ಹುಟ್ಟಿದ ಬಿಗಿ ಈಗಲೂ ಕಾಣುತ್ತದೆ.

ಮೊದಲು ಕಲ್ಲಿನ ಕಥೆ ಹೇಳುತ್ತೇನೆ, ಯಾಕೆಂದರೆ ಕಲ್ಲು ಗೊತ್ತಾಗದೆ ಪಟ ಗೊತ್ತಾಗುವುದಿಲ್ಲ.

ಜರ್ಮನಿಯ ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಅಂತ ಒಬ್ಬ ನಾಟಕಕಾರ ಇದ್ದ. ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಿಸುವ ದಾರಿ ಹುಡುಕುತ್ತಾ 1796ರ ಹೊತ್ತಿಗೆ ಕಲ್ಲಚ್ಚು ಕಂಡುಹಿಡಿದ. ಉಪಾಯ ತುಂಬಾ ಸರಳ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೆಯುವುದು. ಕಲ್ಲನ್ನು ಒದ್ದೆ ಮಾಡುವುದು. ಚಿತ್ರ ಇಲ್ಲದ ಜಾಗ ನೀರು ಹಿಡಿದುಕೊಳ್ಳುತ್ತದೆ, ಚಿತ್ರ ಇರುವ ಜಾಗ ನೀರನ್ನು ಬಿಡುತ್ತದೆ. ಈಗ ಎಣ್ಣೆ ಮಸಿಯ ರೋಲರ್ ಓಡಿಸಿದರೆ ಮಸಿ ಚಿತ್ರಕ್ಕೆ ಮಾತ್ರ ಹತ್ತುತ್ತದೆ. ಕಾಗದ ಇಟ್ಟು ಒತ್ತಿದರೆ ಆಯಿತು. ಅಕ್ಷರದ ಅಚ್ಚುಮೊಳೆ ಜೋಡಿಸುವ ತಾಪತ್ರಯ ಇಲ್ಲ, ಮರ ಕೆತ್ತುವ ಕೆಲಸವೂ ಇಲ್ಲ.

ನಮಗೂ ಇದಕ್ಕೂ ಸಂಬಂಧ ಏನು ಅಂತ ಕೇಳಬೇಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದದ್ದೇ ಕಲ್ಲಚ್ಚಿನಲ್ಲಿ, 1843ರ ಜುಲೈ 1ರಂದು. ಮಂಗಳೂರಿನ ಬಾಸೆಲ್ ಮಿಷನ್ನಿನ ಪ್ರೆಸ್ಸು, ಸಂಪಾದಕ ಹರ್ಮನ್ ಮೊಗ್ಲಿಂಗ್. ಕನ್ನಡ ಪತ್ರಿಕೆಯ ಮೊದಲ ಅಕ್ಷರಗಳು ಒಬ್ಬರ ಕೈಬರಹ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ. ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸುತ್ತೇವೆ, ಭಾಷಣ ಮಾಡುತ್ತೇವೆ. ಆ ಕಲ್ಲಿನ ಬಗ್ಗೆ ಮಾತ್ರ ಯಾರೂ ಒಂದು ಮಾತು ಆಡುವುದಿಲ್ಲ.

ಒಂದೇ ಬಣ್ಣ ಆದರೆ ಒಂದು ಕಲ್ಲು ಸಾಕು. ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು ಬೇಕು. ಹಳದಿ ಎಲ್ಲೆಲ್ಲಿ ಬರಬೇಕೋ ಅಷ್ಟನ್ನೇ ಒಂದು ಕಲ್ಲಿನ ಮೇಲೆ, ಗುಲಾಬಿ ಇನ್ನೊಂದರ ಮೇಲೆ, ನೀಲಿ ಮತ್ತೊಂದರ ಮೇಲೆ. ಎಲ್ಲವನ್ನೂ ಎಡಬಲ ತಿರುಗಿಸಿ, ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಮುಖದ ನೆರಳು ನಯವಾಗಿ ಬರಲಿ ಅಂತ ಸಾವಿರಾರು ಚುಕ್ಕಿಗಳನ್ನು ಪೆನ್ನಿನಲ್ಲಿ ಒಂದೊಂದಾಗಿ ಇಡಬೇಕು. ಆಮೇಲೆ ಒಂದೇ ಹಾಳೆ ಅಷ್ಟೂ ಕಲ್ಲುಗಳ ಮೇಲೆ ಸರದಿಯಲ್ಲಿ ಹೋಗಿ ಬರಬೇಕು, ಪ್ರತಿ ಸಲವೂ ಕೂದಲೆಳೆಯಷ್ಟೂ ಆಚೀಚೆ ಆಗದಂತೆ. ಆಚೀಚೆ ಆಗೇ ಆಗುತ್ತಿತ್ತು ಅನ್ನಿ. ಹಳೇ ಪಟಗಳಲ್ಲಿ ದೇವಿಯ ತುಟಿಯ ಕೆಂಪು ಒಂಚೂರು ಕೆನ್ನೆಗೆ ಜಾರಿರುತ್ತದಲ್ಲ, ಅದು ಇದೇ. ಮೇಜಿನ ಮೇಲೆ ಕೆಲವು ಪಟ ಇಟ್ಟಿದ್ದೇನೆ, ಭೂತಗನ್ನಡಿಯೂ ಇದೆ. ಮಾತು ಮುಗಿದ ಮೇಲೆ ಬಂದು ನೋಡಿ. ಚುಕ್ಕಿಗಳು ಒಂದರಂತೆ ಒಂದಿಲ್ಲ. ಕೆಲವು ಕಡೆ ಒತ್ತಾಗಿ, ಕೆಲವು ಕಡೆ ಸುಸ್ತಾದವನು ಇಟ್ಟ ಹಾಗೆ ವಿರಳವಾಗಿ.

ಈಗ ರವಿವರ್ಮ. ದೇವರ ಪಟ ಅಂದ ತಕ್ಷಣ ಎಲ್ಲರೂ ಅವನಿಂದ ಶುರು ಮಾಡುತ್ತಾರೆ. ಆದರೆ ಅವನಿಗಿಂತ ಮೊದಲೇ, 1878ರಲ್ಲಿ, ಪುಣೆಯಲ್ಲಿ ಚಿತ್ರಶಾಳಾ ಪ್ರೆಸ್ಸೂ ಕಲ್ಕತ್ತಾದಲ್ಲಿ ಕಲ್ಕತ್ತಾ ಆರ್ಟ್ ಸ್ಟುಡಿಯೋವೂ ಶುರುವಾಗಿದ್ದವು. ರವಿವರ್ಮನಿಗೆ ಅಚ್ಚಿನ ಸಲಹೆ ಕೊಟ್ಟವರು ಸರ್ ಟಿ. ಮಾಧವರಾವ್, ತಿರುವಾಂಕೂರು ಮತ್ತು ಬರೋಡದ ದಿವಾನರಾಗಿದ್ದವರು. ನಿನ್ನ ಚಿತ್ರ ಎಲ್ಲರೂ ಕೇಳುತ್ತಾರೆ, ನಿನಗಿರುವುದು ಎರಡೇ ಕೈ, ಕೆಲವನ್ನು ಯುರೋಪಿಗೆ ಕಳಿಸಿ ಅಚ್ಚು ಹಾಕಿಸು ಅನ್ನುವ ಅರ್ಥದ ಮಾತು ಅವರದ್ದು. ರವಿವರ್ಮ ಯುರೋಪಿಗೆ ಕಳಿಸುವ ಬದಲು ಪ್ರೆಸ್ಸನ್ನೇ ಇಲ್ಲಿಗೆ ತಂದ. 1894ರಲ್ಲಿ ಬೊಂಬಾಯಿಯಲ್ಲಿ, ತಮ್ಮ ರಾಜರಾಜವರ್ಮನ ಜೊತೆ ಸೇರಿ ಶುರು ಮಾಡಿದ. ಯಂತ್ರ ಜರ್ಮನಿಯದ್ದು, ಕುಶಲಕರ್ಮಿಗಳೂ ಅಲ್ಲಿಯವರೇ. ಎರಡು ವರ್ಷಕ್ಕೆ ಬೊಂಬಾಯಿಗೆ ಪ್ಲೇಗ್ ಬಂತು. ಪ್ರೆಸ್ಸು ಲೋಣಾವಳದ ಹತ್ತಿರದ ಮಾಳವ್ಲಿಗೆ ಹೋಯಿತು. ನಮ್ಮ ಮಂಡ್ಯದ ಮಳವಳ್ಳಿ ಅಲ್ಲ, ದಯವಿಟ್ಟು ಗೊಂದಲ ಮಾಡಿಕೊಳ್ಳಬೇಡಿ, ಒಮ್ಮೆ ಒಬ್ಬರು ನನ್ನ ಹತ್ತಿರ ಇದೇ ವಿಷಯಕ್ಕೆ ವಾದಕ್ಕೆ ಬಂದಿದ್ದರು.

ಚಿತ್ರ ಬರೆಯುವುದರಲ್ಲಿ ದೊಡ್ಡವನು, ವ್ಯಾಪಾರದಲ್ಲಿ ಅಷ್ಟಕ್ಕಷ್ಟೇ. ಸಾಲ ಏರಿತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಪ್ರೆಸ್ಸನ್ನು ಅಲ್ಲಿ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್‌ಗೆ ಮಾರಿದ, ಚಿತ್ರಗಳ ಹಕ್ಕಿನ ಸಮೇತ. ರವಿವರ್ಮ 1906ರಲ್ಲಿ ತೀರಿಕೊಂಡ, ಪ್ರೆಸ್ಸು ಓಡುತ್ತಲೇ ಇತ್ತು. ದೇವರ ಪಟದ ಜೊತೆಗೆ ಲೇಬಲ್ಲು, ಜಾಹೀರಾತು, ಕ್ಯಾಲೆಂಡರ್ ಎಲ್ಲ ಅಚ್ಚಾದವು. ನಮ್ಮ ಅಜ್ಜ ಅಜ್ಜಿಯರ ಮನೆಯಲ್ಲಿದ್ದ ಬಹಳಷ್ಟು ‘ರವಿವರ್ಮ ಪಟಗಳು’ ಅವನು ಹೋದ ಮೇಲೆ ಅಚ್ಚಾದವು. 1972ರಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿದ್ದು ಬಹಳಷ್ಟು ಸುಟ್ಟುಹೋಯಿತು. ಅಂದ ಹಾಗೆ ದಾದಾಸಾಹೇಬ್ ಫಾಲ್ಕೆ ಕೂಡ ಸಿನಿಮಾಕ್ಕೆ ಕೈ ಹಾಕುವ ಮೊದಲು ಈ ಪ್ರೆಸ್ಸಿಗೆ ಕಲ್ಲಚ್ಚಿನ ಕೆಲಸ ಮಾಡಿದವರು. 1913ರ ‘ರಾಜಾ ಹರಿಶ್ಚಂದ್ರ’ದ ನಿಲುವು, ಸೀರೆ, ಕಿರೀಟ ಎಲ್ಲ ಎಲ್ಲಿಂದ ಬಂದವು ಅನ್ನುವುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಮೈಸೂರಿನವರಿಗೆ ಒಂದು ಅನುಕೂಲ ಇದೆ. ಜಗನ್ಮೋಹನ ಅರಮನೆಗೆ ಹೋದರೆ ರವಿವರ್ಮನ ಮೂಲ ತೈಲಚಿತ್ರಗಳನ್ನೇ ನೋಡಬಹುದು. ಅಲ್ಲಿ ಜನ ಚಿತ್ರದ ಮುಂದೆ ನಿಂತು ಏನು ಮಾತಾಡುತ್ತಾರೆ ಕೇಳಿಸಿಕೊಳ್ಳಿ. ‘ಇದು ನಮ್ಮನೇಲಿತ್ತು!’ ಅನ್ನುತ್ತಾರೆ. ಮಹಾರಾಜರ ಗೋಡೆಯ ಚಿತ್ರ ನೋಡಿ ನಮ್ಮನೆಯದ್ದು ಅನ್ನುವ ಧೈರ್ಯ ಅಚ್ಚಿನಿಂದ ಬಂದದ್ದು.

ಮನೆಗೆ ಬಂದ ಪಟಕ್ಕೆ ಏನಾಯಿತು ಅನ್ನುವುದು ನನಗೆ ಚಿತ್ರಕಾರರ ಕಥೆಗಿಂತ ಇಷ್ಟ. ಯಾರೂ ಅದನ್ನು ಇದ್ದ ಹಾಗೆ ಬಿಡಲಿಲ್ಲ. ಮೊದಲು ಕಟ್ಟು ಹಾಕಿಸಿದರು. ಗಂಧ, ಕುಂಕುಮ ಇಟ್ಟರು, ಗಾಜಿನ ಮೇಲೆ ಇಟ್ಟೂ ಇಟ್ಟೂ ಹಣೆಯ ಜಾಗದಲ್ಲಿ ಗಾಜೇ ಮಂಕಾಯಿತು. ಕೆಲವು ಮನೆಯ ಹೆಂಗಸರು ಕಟ್ಟು ಹಾಕಿಸುವ ಮೊದಲೇ ಲಕ್ಷ್ಮಿಗೆ ನಿಜವಾದ ಸೀರೆ ಉಡಿಸಿದರು. ಸೀರೆಯ ಆಕಾರಕ್ಕೆ ಬಟ್ಟೆ ಕತ್ತರಿಸಿ ಅಂಟಿಸಿ, ಅಂಚಿಗೆ ಜರಿ ಹೊಲಿದು, ಕೊರಳಿಗೆ ಮಣಿ, ಕಿರೀಟಕ್ಕೆ ಚಮಕಿ. ಮುಖ ಮತ್ತು ಕೈ ಮಾತ್ರ ಅಚ್ಚಿನದ್ದು, ಮಿಕ್ಕಿದ್ದೆಲ್ಲ ಮನೆಯದ್ದು. ಚೆಟ್ಟಿನಾಡಿನ ಹಳೇ ಮನೆಗಳನ್ನು ಕೆಡವಿದಾಗ ಇಂಥವು ಬಹಳ ಹೊರಗೆ ಬಂದವು, ಈಗ ಹಳೇ ಸಾಮಾನಿನ ಅಂಗಡಿಗಳಲ್ಲಿ ಸಾದಾ ಪಟಕ್ಕಿಂತ ಜಾಸ್ತಿ ಬೆಲೆ. ಯಾರು ಹೊಲಿದರು ಅಂತ ಒಂದರಲ್ಲೂ ಹೆಸರಿರುವುದಿಲ್ಲ. ನನ್ನ ಮಟ್ಟಿಗೆ ಆ ಕಾಲದ ಒಳ್ಳೆಯ ಕಲಾವಿದರಲ್ಲಿ ಅರ್ಧದಷ್ಟು ಇವರೇ.

ಇನ್ನೊಂದು ಮಾತು. ಗುಡಿಯೊಳಗೆ ಕಾಲಿಡಲು ಬಿಡದಿದ್ದ ಜನರ ಮನೆಗೆ ಕೂಡ ಈ ಪಟ ಕೆಲವು ಕಾಸಿಗೆ ಹೋಯಿತು. ಪೂಜಾರಿ ಬೇಡ, ಮಡಿ ಬೇಡ, ಗೋಡೆಗೊಂದು ಮೊಳೆ ಸಾಕು. ಇದು ಸಣ್ಣ ಸಂಗತಿ ಅಲ್ಲ.

ಆದರೆ ಬರೀ ಹೊಗಳಿಕೊಂಡು ಹೋಗಲು ನಾನು ತಯಾರಿಲ್ಲ. ಅದೇ ಪಟ ಒಂದು ನಷ್ಟವನ್ನೂ ಮಾಡಿತು. ಲಕ್ಷ್ಮಿ ಅಂದರೆ ಬಿಳೀ ಮೈ, ದುಂಡು ಮುಖ, ಕೆಂಪು ಸೀರೆ, ತಾವರೆ ಮೇಲೆ ನಿಲುವು, ಪಕ್ಕದಲ್ಲಿ ಆನೆ. ಇದೊಂದೇ ರೂಪ ದೇಶದ ಉದ್ದಕ್ಕೂ ಗಟ್ಟಿಯಾಗಿ ಕೂತಿತು. ಊರ ಮಾರಮ್ಮ, ಎಲ್ಲಮ್ಮ, ಅಣ್ಣಮ್ಮ ಇವರಿಗೆಲ್ಲ ಅಚ್ಚಿನ ಪಟ ಬರುವ ಹೊತ್ತಿಗೆ ಅವರೂ ಅದೇ ಬೊಂಬಾಯಿ ಲಕ್ಷ್ಮಿಯ ಮುಖ ಹಾಕಿಕೊಂಡು ಬಂದರು, ಕೈಯಲ್ಲಿರುವ ಆಯುಧ ಮಾತ್ರ ಬೇರೆ. ಕಲ್ಲಾಗಿ, ಹುತ್ತವಾಗಿ, ಕಳಸವಾಗಿ ಇದ್ದ ದೇವರಿಗೆಲ್ಲ ಒಂದೇ ತರಹದ ಮೂಗು. ಕಪ್ಪು ಮೈಬಣ್ಣದ ದೇವಿಯನ್ನು ಹಳೇ ಕ್ಯಾಲೆಂಡರಿನಲ್ಲಿ ಹುಡುಕಿ, ಕಾಳಿಯನ್ನು ಬಿಟ್ಟು ಎಷ್ಟು ಸಿಗುತ್ತಾರೆ ಹೇಳಿ. ಕೆಫೆ ಗೋಡೆಯ ಸರಸ್ವತಿಯನ್ನು ಮೆಚ್ಚುವಾಗ ಇದೂ ತಲೆಯಲ್ಲಿರಲಿ.

ಈಗ ಅಂಗಡಿಗೆ ಬರೋಣ. ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಮಿಲ್ ಬಟ್ಟೆಯ ಥಾನುಗಳ ಮೇಲೆ ಪುಟ್ಟ ಬಣ್ಣದ ಚೀಟಿ ಅಂಟಿಸಿರುತ್ತಿದ್ದರು. ಕೃಷ್ಣ, ಹುಲಿ ಬೇಟೆ, ಆನೆ, ನರ್ತಕಿ. ಅಚ್ಚಾಗುತ್ತಿದ್ದುದು ಇಂಗ್ಲೆಂಡಿನಲ್ಲಿ, ನೋಡುವವರು ಇಲ್ಲಿಯವರು. ಇಂಗ್ಲಿಷು ಓದಲು ಬಾರದ ಗಿರಾಕಿ ‘ಆನೆ ಛಾಪ್ ಕೊಡಿ’ ಅಂತ ಕೇಳಿದರೆ ಸಾಕು. ಹಾಗಾಗಿ ಆ ಚೀಟಿಯನ್ನು ದೂರದಿಂದ, ಮಬ್ಬು ಬೆಳಕಿನಲ್ಲಿ, ಒಂದೇ ನೋಟಕ್ಕೆ ಗುರುತಿಸಬೇಕಿತ್ತು. ಇವತ್ತು ಲೋಗೋ ಮಾಡುವವರು ಲಕ್ಷಗಟ್ಟಲೆ ತೆಗೆದುಕೊಂಡು ಇದನ್ನೇ ಪಾಠ ಹೇಳುತ್ತಾರೆ. ಆ ಚೀಟಿ ಬರೆದವನು ಅದನ್ನು ದಿನಗೂಲಿಗೆ ಮಾಡಿದ್ದ.

ಬೆಂಕಿಪೊಟ್ಟಣವೂ ಹೀಗೆಯೇ. ಮೊದಲು ಸ್ವೀಡನ್ನಿಂದ, ಜಪಾನಿನಿಂದ ಬರುತ್ತಿದ್ದವು, ನಮ್ಮ ದೇವರುಗಳ ಚಿತ್ರ ಹೊತ್ತುಕೊಂಡೇ. 1922ರಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತಾಗೆ ಹೋಗಿ ಕಡ್ಡಿ ಮಾಡುವುದನ್ನು ಕಲಿತು ಬಂದು ಊರಿನಲ್ಲಿ ಕಾರ್ಖಾನೆ ಶುರು ಮಾಡಿದರು. ಮಳೆ ಕಡಿಮೆ, ಒಣ ಹವೆ, ಬೇಸಾಯದಲ್ಲಿ ಗಿಟ್ಟದ ಊರು. ಕಡ್ಡಿಗೆ ಅದೇ ಬೇಕಿತ್ತು. ಕಡ್ಡಿ ಆದಮೇಲೆ ಪೊಟ್ಟಣಕ್ಕೆ ಲೇಬಲ್ಲು ಬೇಕಲ್ಲ, ಅದಕ್ಕೆ ಪ್ರೆಸ್ಸುಗಳು ಬಂದವು. ಪಟಾಕಿಗೂ ಲೇಬಲ್ಲು ಬೇಕು. ಪ್ರೆಸ್ಸು ಬಂದ ಮೇಲೆ ಕ್ಯಾಲೆಂಡರ್, ಡೈರಿ, ನೋಟ್‌ಬುಕ್ಕಿನ ರಟ್ಟು. ದೇಶದ ಗೋಡೆಗಳನ್ನು ತುಂಬಿಸಿದ ಕ್ಯಾಲೆಂಡರ್ ಉದ್ಯಮ ಒಂದು ಕಡ್ಡಿಪೆಟ್ಟಿಗೆಯ ಚೀಟಿಯಿಂದ ಬೆಳೆದದ್ದು ಅನ್ನಬಹುದು.

ಲೇಬಲ್ಲುಗಳ ವಿಷಯದಲ್ಲಿ ಕಳ್ಳತನವೇ ಒಂದು ಮಜಾ. ಒಂದು ಕಂಪನಿಯ ಹುಲಿ ಓಡಿದರೆ ಸಾಕು, ಮುಂದಿನ ತಿಂಗಳು ಪಕ್ಕದ ಬೀದಿಯವನು ಚಿರತೆ ಬಿಡುತ್ತಾನೆ. ಅದೇ ಹಳದಿ, ಅದೇ ಕೆಂಪು ಅಂಚು, ಅಕ್ಷರವೂ ಹೆಚ್ಚುಕಡಿಮೆ ಅದೇ. ಕೋರ್ಟಿಗೆ ಹೋದರೆ ‘ಸ್ವಾಮಿ, ಇದು ಬೇರೆ ಪ್ರಾಣಿ’ ಅನ್ನಬಹುದು. ಹೀಗೆ ನಕಲು ಮಾಡುತ್ತಾ ಮಾಡುತ್ತಾ ಕೀಲಿಕೈ, ಹಡಗು, ಮೂರು ಕೋತಿ, ಗಡಿಯಾರ, ಕಮಲ, ಟೆಲಿಫೋನು ಎಲ್ಲ ಬಂದವು. ಆ ಕಾಲದಲ್ಲಿ ಯಾವ ವಸ್ತು ಹೊಸದು, ಯಾವುದರ ಮೇಲೆ ಜನಕ್ಕೆ ಆಸೆ ಇತ್ತು ಅಂತ ತಿಳಿಯಬೇಕಾದರೆ ಲೇಬಲ್ಲುಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಸಾಕು. ಈ ಮಾತಿನ ಜೊತೆಗೇ ಹೇಳಲೇಬೇಕಾದದ್ದು ಒಂದಿದೆ: ಆ ಚೆಂದದ ಚೀಟಿಗಳಲ್ಲಿ ಎಷ್ಟನ್ನೋ ಪೊಟ್ಟಣಕ್ಕೆ ಅಂಟಿಸಿದ್ದು ಮಕ್ಕಳು. ಶಿವಕಾಶಿಯ ಸುತ್ತಮುತ್ತ ಬಾಲಕಾರ್ಮಿಕರ ಪ್ರಶ್ನೆ ದಶಕಗಟ್ಟಲೆ ಇತ್ತು. ಆಲ್ಬಮ್ಮಿನಲ್ಲಿ ಅಂಟಿಸಿಕೊಂಡು ನೋಡುವ ನಮಗೆ ಅದು ಕಾಣುವುದಿಲ್ಲ. ಪೊಟ್ಟಣದ ಬೆಲೆ 14 ವರ್ಷ ಒಂದೇ ರೂಪಾಯಿಗೆ ನಿಂತಿದ್ದು 2021ರ ಡಿಸೆಂಬರ್‌ನಲ್ಲಿ ಎರಡು ರೂಪಾಯಿ ಆಯಿತು. ಅಷ್ಟು ಅಗ್ಗದ ವಸ್ತುವಿನ ಮೇಲೆ ಅಷ್ಟೊಂದು ಚಿತ್ರಕಲೆ ಇತ್ತು.

ಕ್ಯಾಲೆಂಡರ್ ಬರೆದವರು ಯಾರು? ಇಲ್ಲಿ ನಮ್ಮವರೊಬ್ಬರ ಹೆಸರು ಜೋರಾಗಿ ಹೇಳಬೇಕು. ಎಸ್.ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಬೊಂಬಾಯಿಗೆ ಹೋಗಿ ಹಾಲಿವುಡ್ಡಿನ ಎಂಜಿಎಂ ಚಿತ್ರಗಳಿಗೆ ಥಿಯೇಟರಿನಲ್ಲಿ ಇಡುವ ಜಾಹೀರಾತು ಫಲಕ ಬರೆದರು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, ಹಿಂದಿ ಸಿನಿಮಾ ಪೋಸ್ಟರ್ ಬರೆದರು. ಆಮೇಲೆ ಪುರಾಣದ ಕ್ಯಾಲೆಂಡರುಗಳಿಗೆ ಬಂದರು. ಅದಕ್ಕೇ ಅವರ ವಿಶ್ವಾಮಿತ್ರ ಮೇನಕೆ, ನಳ ದಮಯಂತಿ ಇವರ ಮೇಲೆ ಬೀಳುವ ಬೆಳಕು ಸಿನಿಮಾದ ಬೆಳಕು. ಮುಖದ ಒಂದು ಬದಿ ಮಿಂಚುತ್ತದೆ, ಇನ್ನೊಂದು ಬದಿ ನೆರಳಿನಲ್ಲಿ. ಮೈಕಟ್ಟು ಕುಸ್ತಿಪಟುವಿನದ್ದು. ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರ ಇದೆ, ಅಲ್ಲಿಗೆ ನಾಟಕ ನೋಡಲು ಹೋಗುವ ಎಷ್ಟೋ ಜನರಿಗೆ ಆತ ಯಾರು ಅಂತ ಗೊತ್ತಿಲ್ಲ. 1993ರಲ್ಲಿ ತೀರಿಕೊಂಡರು. ಗ್ಯಾಲರಿಯವರು ಅವರನ್ನು ‘ಕ್ಯಾಲೆಂಡರ್ ಕಲಾವಿದ’ ಅಂತ ಪಕ್ಕಕ್ಕಿಟ್ಟಿದ್ದರು. ಈಗ ಅದೇ ಮೂಲ ಚಿತ್ರಗಳು ಹರಾಜಿಗೆ ಬರುತ್ತವೆ.

ತಮಿಳುನಾಡಿನ ಕೋವಿಲ್‌ಪಟ್ಟಿಯಲ್ಲಿ ಕೊಂಡಯ್ಯ ರಾಜು ಅಂತ ಇದ್ದರು. ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದವರು. ಕಂಪನಿ ನಿಂತುಹೋಯಿತು, ಅವರು ಆ ಊರಿನಲ್ಲೇ ಉಳಿದರು, ಸ್ಟುಡಿಯೋ ಮಾಡಿದರು, ಶಿಷ್ಯರನ್ನು ಬೆಳೆಸಿದರು. ಶಿವಕಾಶಿಯ ಕ್ಯಾಲೆಂಡರುಗಳಿಗೆ ಚಿತ್ರ ಹೋದದ್ದು ಈ ಗುಂಪಿನಿಂದ. ಈಗ ಯಾವುದಾದರೂ ಹಳೇ ಕ್ಯಾಲೆಂಡರಿನ ಮುರುಗನನ್ನೋ ಮೀನಾಕ್ಷಿಯನ್ನೋ ನೆನಪಿಸಿಕೊಳ್ಳಿ. ದೇವರು ನೇರ ನಮ್ಮ ಕಡೆಗೇ ಮುಖ ಮಾಡಿ ನಿಂತಿರುತ್ತಾರೆ. ಹಿಂದೆ ಗುಡ್ಡ, ಜಲಪಾತ, ಮೋಡ, ಒಂದೆರಡು ನವಿಲು. ಅದು ನಿಜವಾದ ಗುಡ್ಡ ಅಲ್ಲವೇ ಅಲ್ಲ, ನಾಟಕದ ಪರದೆ. ಗುಬ್ಬಿ ಕಂಪನಿಯ ನಾಟಕ ನೋಡಿದ ಹಿರಿಯರು ಮನೆಯಲ್ಲಿದ್ದರೆ ಕೇಳಿ, ಪರದೆ ಏರಿದ ತಕ್ಷಣ ಚಪ್ಪಾಳೆ ಬೀಳುತ್ತಿತ್ತು ಅನ್ನುತ್ತಾರೆ. ಆ ಚಪ್ಪಾಳೆಯ ಪಾಲು ಕ್ಯಾಲೆಂಡರಿಗೂ ಬಂತು. ದೇವರ ಮುಂದೆ ನಾವು ಪ್ರೇಕ್ಷಕರ ಜಾಗದಲ್ಲಿ ನಿಂತಿರುತ್ತೇವೆ, ದೇವರು ನಮ್ಮನ್ನೇ ನೋಡುತ್ತಿರುತ್ತಾನೆ. ಬೆಳಗ್ಗೆ ಕಾಫಿ ಕುಡಿಯುವಾಗಲೂ ನೋಡುತ್ತಾನೆ, ಸಾಲ ಕೇಳಲು ಬಂದವರಿಗೆ ಇಲ್ಲ ಅನ್ನುವಾಗಲೂ ನೋಡುತ್ತಾನೆ.

(ಚಿತ್ರವೇ ಇಲ್ಲದ ಕ್ಯಾಲೆಂಡರಿನ ಮೋಹವೂ ಇದೆ, ಮರೆಯಬಾರದು. 1916ರಲ್ಲಿ ಶುರುವಾದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್‌ಗೆ ಡಿಸೆಂಬರ್‌ನಲ್ಲಿ ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಅಂಕಿಗಳದ್ದೇ ಕಾರುಬಾರು. ಹಾಲಿನ ಲೆಕ್ಕ ಬರೆಯಲು ಜಾಗ ಇರಬೇಕು, ಅಷ್ಟೇ.)

ಪತ್ರಿಕೆಗಳ ಚಿತ್ರಗಳ ವಿಷಯಕ್ಕೆ ಬಂದರೆ ಈ ಸಭೆಯಲ್ಲಿ ಅರ್ಧ ಜನ ನನಗಿಂತ ಚೆನ್ನಾಗಿ ಮಾತಾಡಬಲ್ಲರು. ಚಂದಾಮಾಮ 1947ರ ಜುಲೈನಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಶುರುವಾಯಿತು, ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರಿಂದ. ಕನ್ನಡಕ್ಕೆ 1949ರಲ್ಲಿ ಬಂತು. ಮುಖಪುಟ ಬರೆದವರಲ್ಲಿ ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಮುಖ್ಯರು, ಅವರ ಮಹಾಭಾರತದ ಚಿತ್ರಗಳನ್ನು ಕತ್ತರಿಸಿ ಕಟ್ಟು ಹಾಕಿಸಿಕೊಂಡ ಮನೆಗಳಿವೆ. ಒಳಗಿನ ಚಿತ್ರಗಳಲ್ಲಿ ಶಂಕರ್. 1952ರಲ್ಲಿ ಸೇರಿದವರು ದಶಕಗಟ್ಟಲೆ ಅದನ್ನೇ ಬರೆದರು, 2020ರಲ್ಲಿ ತೀರಿಕೊಂಡಾಗ ತೊಂಬತ್ತು ದಾಟಿತ್ತು. ವಿಕ್ರಮನ ಹೆಗಲ ಮೇಲೆ ಬೇತಾಳ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಈ ಒಂದು ಚಿತ್ರ ತಿಂಗಳು ತಿಂಗಳೂ ಬರುತ್ತಿತ್ತು. ಯಾರಿಗೂ ಬೇಜಾರಾಗಲಿಲ್ಲ, ಯಾಕೆ?

ನನ್ನ ಅಂದಾಜು ಹೇಳುತ್ತೇನೆ. ಒಂದು, ತಿಂಗಳಿಗೆ ಒಂದೇ ಸಂಚಿಕೆ. ಮಗು ಅದೇ ಪುಟವನ್ನು ಹತ್ತಾರು ಸಲ ನೋಡುತ್ತದೆ ಅಂತ ಬರೆಯುವವರಿಗೆ ಗೊತ್ತಿತ್ತು. ಅದಕ್ಕೇ ಅರಮನೆಯ ಕಂಬದ ಕೆತ್ತನೆ, ಮೂಲೆಯಲ್ಲಿ ಮಲಗಿದ ನಾಯಿ, ದೂರದಲ್ಲಿ ನೀರು ಹೊರುವ ಹೆಂಗಸು, ಇಂಥದ್ದೆಲ್ಲ ಕಥೆಗೆ ಬೇಡವಾದರೂ ತುಂಬಿಸುತ್ತಿದ್ದರು. ಎರಡನೇ ಸಲ ನೋಡಿದವರಿಗೆ ನಾಯಿ, ಐದನೇ ಸಲ ನೋಡಿದವರಿಗೆ ಹೆಂಗಸು. ಇನ್ನೊಂದು, ಇವರೆಲ್ಲ ಸಂಬಳಕ್ಕೆ ಇದ್ದ ಕಲಾವಿದರು. ತಿಂಗಳ ಕೊನೆಗೆ ಪುಟ ಕೊಡಲೇಬೇಕು, ಕೊಟ್ಟೇ ಕೊಡುತ್ತಿದ್ದರು, ವರ್ಷಗಟ್ಟಲೆ. ಅಷ್ಟು ದಿನ ಒಂದೇ ಕೆಲಸ ಮಾಡಿದ ಕೈಗೆ ಬರುವ ಸಲೀಸು ಬೇರೆ ಯಾವ ದಾರಿಯಲ್ಲೂ ಬರುವುದಿಲ್ಲ. ಗೆರೆ ಎಲ್ಲಿ ಶುರು ಮಾಡಿ ಎಲ್ಲಿ ಬಿಡಬೇಕು ಅಂತ ಯೋಚಿಸಿದ ಗುರುತೇ ಕಾಣುವುದಿಲ್ಲ.

ಹಾಗೇ ಕೊರವಂಜಿ. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ ಶುರು ಮಾಡಿದ ಹಾಸ್ಯ ಪತ್ರಿಕೆ. ಆರ್.ಕೆ. ಲಕ್ಷ್ಮಣ್ ಅದಕ್ಕೆ ಬರೆದಾಗ ಇನ್ನೂ ಮೈಸೂರಿನ ಹುಡುಗ. ಆ ಪುಟಗಳನ್ನು ನೋಡಿದರೆ ಮುಂದೆ ಬೊಂಬಾಯಿಯಲ್ಲಿ ಹೆಸರಾದ ಆ ಕುಂಚದ ಗೆರೆ ಆಗಲೇ ತಯಾರಾಗುತ್ತಿದ್ದುದು ಕಾಣುತ್ತದೆ.

ಅಮರ ಚಿತ್ರಕಥೆಯ ಬಗ್ಗೆ ಒಂದು ವಿಷಯ ಹೇಳಿದರೆ ಬಹಳ ಜನ ನಂಬುವುದಿಲ್ಲ. ಅದರ ಸರಣಿ ಸಂಖ್ಯೆ 11ರಿಂದ ಶುರುವಾದಂತೆ ಕಾಣುತ್ತದೆ, ‘ಕೃಷ್ಣ’ ಸಂಚಿಕೆಗೆ 11ನೇ ನಂಬರು. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಕನ್ನಡದಲ್ಲಿ ಬಂದವು! ಪಾಶ್ಚಾತ್ಯ ಮಕ್ಕಳ ಕಥೆಗಳ ಕನ್ನಡ ರೂಪ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಂ ಅವರ ತಲೆಯಲ್ಲಿ ಹೊಳೆದದ್ದು. ಆಮೇಲೆ ಅನಂತ ಪೈ ಕಾರ್ಕಳದವರು, ಅವರ ಸಂಪಾದಕತ್ವದಲ್ಲಿ ಪುರಾಣ, ಇತಿಹಾಸದ ಕಡೆಗೆ ತಿರುಗಿ ದೇಶಕ್ಕೆಲ್ಲ ಹಬ್ಬಿತು. ಆ ಮೊದಲ ಹತ್ತರಲ್ಲಿ ಯಾವುದಾದರೂ ನಿಮ್ಮ ಅಟ್ಟದ ಮೇಲಿದ್ದರೆ ರದ್ದಿಗೆ ಹಾಕುವ ಮೊದಲು ದಯವಿಟ್ಟು ಒಂದು ಮಾತು ಹೇಳಿ.

ಈಗ ನನಗೆ ಸ್ವಲ್ಪ ಸಿಟ್ಟು ಬರುವ ವಿಷಯ. ‘ವಿಂಟೇಜ್’ ಅಂತ ಈಗ ಮಾರುತ್ತಿರುವುದರಲ್ಲಿ ಬಹಳಷ್ಟು ಕಂದು ಬಣ್ಣದ್ದು. ಹೊಸ ಚಿತ್ರ ಬರೆದು, ಅದರ ಮೇಲೆ ಟೀ ಚೆಲ್ಲಿದ ಹಾಗೆ ಹಳದಿ ಬಳಿದು, ಅಂಚು ಹರಿದ ಹಾಗೆ ಮಾಡಿ, ಮಡಚಿದ ಗೆರೆ ಎಳೆದು ಕೊಡುತ್ತಾರೆ. ಹಳೇ ಅಚ್ಚು ಹಾಗಿರಲಿಲ್ಲ ಸ್ವಾಮಿ! ಅಂಗಡಿಯಿಂದ ಬಂದ ದಿನ ಅದು ಕಣ್ಣಿಗೆ ಹೊಡೆಯುವಂತಿತ್ತು. ರಾಣಿ ಗುಲಾಬಿ, ಗಿಣಿ ಹಸಿರು, ಮಿರಮಿರ ಮಿಂಚುವ ನೀಲಿ. ಮಂಕು ದೀಪದ ಮನೆಗಳಿಗೆ ಮಾಡಿದ್ದು ಅದು, ಅಷ್ಟು ಜೋರು ಬೇಕೇ ಬೇಕಿತ್ತು. ಈಗ ಕಾಣುವ ಹಳದಿ ಕಲಾವಿದನದ್ದಲ್ಲ. ಅಗ್ಗದ ಕಾಗದದಲ್ಲಿರುವ ಆಮ್ಲ, ಬಿಸಿಲು, ಅಡುಗೆಮನೆ ಹೊಗೆ ಸೇರಿ ಮಾಡಿದ ಹಾನಿ ಅದು. ಹಾನಿಯನ್ನು ನಕಲು ಮಾಡಿ ಕಸುಬನ್ನು ಬಿಟ್ಟರೆ ಏನು ಬಂತು? ಇದು ತಾತನ ಹಾಗೆ ಮಾತಾಡುತ್ತೇನೆ ಅಂತ ಬರೀ ಕೆಮ್ಮುವುದನ್ನು ಕಲಿತ ಹಾಗಾಯಿತು.

ಇದಕ್ಕೆ ಎದುರಾಗಿ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ನೋಡಿ. ನಾಲ್ವಡಿಯವರ ಕಾಲದ್ದು, ನೂರು ವರ್ಷ ದಾಟಿದೆ. ಆನೆ ತಲೆ, ಸಿಂಹದ ಮೈ ಇರುವ ಶರಭ ಇವತ್ತಿಗೂ ಅದರ ಮೇಲಿದೆ. ಅದನ್ನು ಯಾರೂ ವಿಂಟೇಜ್ ಅನ್ನುವುದಿಲ್ಲ, ಯಾಕೆಂದರೆ ಅದು ಕೆಲಸ ನಿಲ್ಲಿಸಿಯೇ ಇಲ್ಲ. ಅಂಗಡಿಯಲ್ಲಿ ಹತ್ತು ಸೋಪಿನ ನಡುವೆ ಇಟ್ಟರೂ ಕೈ ಅದರ ಕಡೆಗೇ ಹೋಗುತ್ತದೆ. ಆಗಾಗ ಯಾರೋ ಹೊಸ ಡಿಸೈನ್ ಮಾಡೋಣ ಅನ್ನುತ್ತಿರುತ್ತಾರೆ, ನನಗೆ ಎದೆ ಧಸಕ್ಕನ್ನುತ್ತದೆ.

ಮಾತಿನ ನಡುವೆ ಒಬ್ಬರು ಕೇಳಿದರು, ಈಗ ಎಐಗೆ ಹೇಳಿದರೆ ಕ್ಷಣದಲ್ಲಿ ರವಿವರ್ಮನ ಥರ ಮಾಡಿ ಕೊಡುತ್ತದಲ್ಲ, ಇನ್ನು ಇವೆಲ್ಲ ಯಾಕೆ ಅಂತ. ಮಾಡಿ ಕೊಡುತ್ತದೆ, ನಾನೂ ನೋಡಿದ್ದೇನೆ. ಲಕ್ಷ್ಮಿಯ ಕೈ ಎಣಿಸಿ ಅಂತಷ್ಟೇ ಹೇಳುತ್ತೇನೆ. ತಮಾಷೆ ಬಿಡಿ, ಬೇಗ ಅದೂ ಸರಿಹೋಗುತ್ತದೆ. ಆದರೆ ಅದು ಕೊಡುವ ಚಿತ್ರಕ್ಕೆ ಯಾವ ಇಕ್ಕಟ್ಟೂ ಇಲ್ಲ. ಎಷ್ಟು ಬಣ್ಣ ಬೇಕಾದರೂ ಬಳಸಬಹುದು, ಎಷ್ಟು ವಿವರ ಬೇಕಾದರೂ ತುಂಬಬಹುದು. ಬೆಂಕಿಪೊಟ್ಟಣದವನಿಗೆ ಮೂರು ಬಣ್ಣದ ದುಡ್ಡಷ್ಟೇ ಇತ್ತು. ಹುಲಿಯ ಪಟ್ಟೆಗೂ, ಅಕ್ಷರಕ್ಕೂ, ರಾತ್ರಿಯ ಆಕಾಶಕ್ಕೂ ಒಂದೇ ಕಪ್ಪು ಸಾಲಬೇಕು ಅಂದಾಗ ಅವನು ಆಕಾಶವನ್ನೇ ಬಿಟ್ಟ, ಹುಲಿಯನ್ನು ದೊಡ್ಡದು ಮಾಡಿದ. ಏನು ಬಿಡಬೇಕು ಅನ್ನುವ ಆ ತೀರ್ಮಾನ ಇದೆಯಲ್ಲ, ಗೋಡೆಯ ಮೇಲೆ ಆಳೆತ್ತರಕ್ಕೆ ಹಿಗ್ಗಿಸಿದರೂ ಚಿತ್ರ ಕುಸಿಯದೆ ನಿಲ್ಲುವುದು ಅದರಿಂದ. ಆ ಕೆಫೆಯ ಹುಡುಗರಿಗೆ ಇದರ ಇತಿಹಾಸ ಗೊತ್ತಿಲ್ಲದಿರಬಹುದು, ಕಣ್ಣಿಗೆ ಗೊತ್ತಾಗುತ್ತದೆ.

ಕಡೆಗೆ ಬಹಳ ಜನ ಕೇಳಿದ ಪ್ರಶ್ನೆ: ಮನೆಯಲ್ಲಿ ಹಳೇ ಪಟ ಇದೆ, ಅಸಲಿಯೋ ಮರುಮುದ್ರಣವೋ ಹೇಗೆ ತಿಳಿಯುವುದು, ಏನು ಮಾಡುವುದು?

ಭೂತಗನ್ನಡಿ ತಗೊಳ್ಳಿ. ಚುಕ್ಕಿಗಳು 'ಸೈನಿಕರ ಸಾಲಿನಂತೆ' ಒಂದೇ ಅಳತೆಯಲ್ಲಿ, ಪುಟ್ಟ ಪುಟ್ಟ ಹೂವಿನ ಆಕಾರದಲ್ಲಿ ಕಂಡರೆ ಅದು ಆಫ್‌ಸೆಟ್, ಅಂದರೆ ಈಗಿನ ಯಂತ್ರದ ಅಚ್ಚು, ಹೊಸದು. ಅಂಕುಡೊಂಕಾಗಿ, ಕೈಯಲ್ಲಿಟ್ಟ ಹಾಗೆ ಕಂಡರೆ ಕಲ್ಲಚ್ಚು ಇರಬಹುದು. ಕೆಲವು ಹಳೆಯವಕ್ಕೆ ಕ್ಯಾನ್‌ವಾಸಿನಂಥ ಉಬ್ಬು, ಮೇಲೆ ವಾರ್ನಿಷ್ ಇರುತ್ತದೆ. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಹುಡುಕಿ, ಕಟ್ಟು ಹಾಕುವಾಗ ಅದನ್ನೇ ಕತ್ತರಿಸಿಬಿಟ್ಟಿರುವುದು ಜಾಸ್ತಿ. ಕಟ್ಟಿನ ಹಿಂದೆ ಹಳೇ ರಟ್ಟು ಇದ್ದರೆ ಅದರ ಆಮ್ಲ ಚಿತ್ರಕ್ಕೆ ಇಳಿಯುತ್ತಿರುತ್ತದೆ, ಆಮ್ಲ ಇಲ್ಲದ ರಟ್ಟು ಹಾಕಿಸಿ. ಗಾಜಿಗೆ ಚಿತ್ರ ತಾಗದಂತೆ ಸ್ವಲ್ಪ ಸಂದು ಇರಲಿ. ಬಿಸಿಲು ಬೀಳುವ ಗೋಡೆ ಬೇಡ, ಬಚ್ಚಲಿನ ಗೋಡೆಯ ಆಚೆ ಬದಿಯೂ ಬೇಡ, ತೇವ ಬರುತ್ತದೆ. ಗೆದ್ದಲು ಬಂದಿದೆಯೋ ಅಂತ ಮಳೆಗಾಲದಲ್ಲಿ ಹಿಂದೆ ತಿರುಗಿಸಿ ನೋಡಿ. ಸೆಲ್ಲೋಟೇಪ್ ಮುಟ್ಟಿಸಬೇಡಿ. ಲ್ಯಾಮಿನೇಷನ್ ಅಂತೂ ಯಾರು ಎಷ್ಟು ಹೇಳಿದರೂ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ. ಮಾರಬೇಕು ಅಂತಿದ್ದರೆ ಮೊದಲು ಒಳ್ಳೆಯ ಬೆಳಕಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ. ಪಟ ಯಾರು ತಂದದ್ದು, ಯಾವ ಊರಿನ ಅಂಗಡಿಯದ್ದು ಅಂತ ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಕಟ್ಟಿನ ಹಿಂದೆ ಸಿಕ್ಕಿಸಿ. ಚಿತ್ರದ ಹಿಂಬದಿಯ ಮೇಲೆ ಮಾತ್ರ ಪೆನ್ನಿನಲ್ಲಿ ಬರೆಯಬೇಡಿ, ಮಸಿ ಈಚೆಗೆ ಬರುತ್ತದೆ.